ಫಂಕ್ ಸಂಗೀತದ ತುಣುಕುಗಳು: ಆರಿಸುವ ಬಗೆ

ನಮ್ಮ ಅಣ್ಣನ ಮಗನೊಬ್ಬ ಮನೆಯ ಕಂಪ್ಯೂಟರಿನಲ್ಲಿಯೇ ಸಂಗೀತ ಹೊಸೆಯುತ್ತಾನೆ. ಮೊನ್ನೆ ಒಂದು ‘ಫಂಕ್ ಸ್ಯಾಂಪಲ್’ ಸಂಗ್ರಹವನ್ನು ಕೇಳಿಸಿ, “ಚಿಕ್ಕಪ್ಪ, ಇದರಲ್ಲಿ ಸಾವಿರಕ್ಕೆ ಮೀರಿ ತುಣುಕುಗಳಿವೆ, ಕೊಳ್ಳಲೇ?” ಎಂದ. ಛಂದಸ್ಸು ಕಲಿಸುವ ಕನ್ನಡ ಪಂಡಿತನಿಗೆ ಇದರ ಗೊಡವೆ ಏಕೆಂದು ವಾಚಕರು ನಗಬಹುದು. ಆದರೆ ಲಯದ ಮಾತು ಬಂದಾಗ ಸುಮ್ಮನಿರುವುದು ನನ್ನಿಂದಾಗದು.

ಫಂಕ್ ಎಂಬುದು 1960ರ ದಶಕದಲ್ಲಿ ಅಮೆರಿಕದ ಆಫ್ರಿಕನ್ ಮೂಲದ ಸಂಗೀತಗಾರರು ರೂಪಿಸಿದ ಬಗೆ. ಜೇಮ್ಸ್ ಬ್ರೌನ್ ಅವರಲ್ಲಿ ಅಗ್ರಗಣ್ಯರು. ಇಲ್ಲಿ ಲಯವೇ ಪ್ರಧಾನ. ನಾಲ್ಕು ಎಣಿಕೆಗಳ ಆವರ್ತದಲ್ಲಿ ಮೊದಲ ಎಣಿಕೆಗೆ ಒತ್ತು. ಉಳಿದೆಡೆ ಗಿಟಾರು, ಬಾಸ್, ತುತ್ತೂರಿಗಳು ಒಂದರ ಬಿಡುವಿನಲ್ಲಿ ಮತ್ತೊಂದು ನುಸುಳುತ್ತ ಹೋಗುತ್ತವೆ. ಇಂಥ ವಾದನದ ಕೆಲವು ಕ್ಷಣಗಳನ್ನು ಕತ್ತರಿಸಿಟ್ಟದ್ದೇ ಸ್ಯಾಂಪಲ್. ಅದನ್ನು ಮರಳಿ ಮರಳಿ ಜೋಡಿಸಿ ಹೊಸ ಗೀತೆಗೆ ತಳಹದಿ ಮಾಡುತ್ತಾರೆ.

ಹೀಗೆ ಕತ್ತರಿಸಿದವುಗಳಲ್ಲಿ ಬಹು ಪ್ರಸಿದ್ಧವಾದದ್ದು ಬ್ರೌನರ ‘ಫಂಕಿ ಡ್ರಮ್ಮರ್’. 1969ರ ನವೆಂಬರ್ 20ರಂದು ಸಿನ್ಸಿನಾಟಿಯಲ್ಲಿ ಮುದ್ರಿತವಾದದ್ದು. ಅದರ ನಡುವೆ ಉಳಿದ ವಾದ್ಯಗಳೆಲ್ಲ ನಿಂತು, ಕ್ಲೈಡ್ ಸ್ಟಬಲ್‌ಫೀಲ್ಡರ ಡ್ರಮ್ಮು ಮಾತ್ರ ಎಂಟು ಆವರ್ತ ನಡೆಯುತ್ತದೆ. ದೊಡ್ಡ ಪೆಟ್ಟುಗಳು ಕೆಲವೇ. ಅವುಗಳ ನಡುವೆ ಕೋಲಿನ ತುದಿ ಸ್ನೇರ್ ಡ್ರಮ್ಮಿನ ಮೇಲೆ ಕೇಳಿಸಿಯೂ ಕೇಳಿಸದಂತೆ ಆಡುತ್ತಿರುತ್ತದೆ. ಜೀವವಿರುವುದು ಆ ಮೆಲುಪೆಟ್ಟುಗಳಲ್ಲಿ. ತಮ್ಮ ಊರು ಚಾಟನೂಗಾದ ಕಾರ್ಖಾನೆ, ರೈಲುಗಳ ಸದ್ದಿನಿಂದ ಲಯ ಕಲಿತೆನೆಂದು ಅವರು ಹೇಳಿಕೊಂಡದ್ದುಂಟು.

ತರಗತಿಯಲ್ಲಿ ನಾವು ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿ ಮೂರು-ನಾಲ್ಕು ಮಾತ್ರೆಗಳ ಗಣ ವಿಂಗಡಿಸುತ್ತೇವೆ. ಅದೇ ಪದ್ಯವನ್ನು ಗಮಕಿಗಳು ವಾಚಿಸಿದಾಗ ಮಾತ್ರೆ ಅಷ್ಟೇ ಇದ್ದರೂ ಸೊಗಸೇ ಬೇರೆ. ಸಂಗ್ರಹದಲ್ಲಿಯೂ ಮೊದಲು ನೋಡಬೇಕಾದದ್ದು ಇದನ್ನೇ. ಪೆಟ್ಟುಗಳನ್ನೆಲ್ಲ ಯಂತ್ರದಿಂದ ಒಂದೇ ಗೆರೆಗೆ ತಂದು ನಿಲ್ಲಿಸಿದ್ದರೆ ಅದು ಪ್ರಸ್ತಾರವಾಯಿತೇ ಹೊರತು ವಾಚನವಾಗಲಿಲ್ಲ. ಒಂದು ತುಣುಕನ್ನು ಎರಡು ನಿಮಿಷ ಬಿಡದೆ ಸುತ್ತಿಸಿ ಕೇಳಿರಿ. ಬೇಸರ ಬರುವುದೇ? ಸುತ್ತು ಕೂಡುವಲ್ಲಿ ‘ಟಿಕ್’ ಎನ್ನುವುದೇ? ಬಿಡಿ ಪೆಟ್ಟುಗಳಾದರೆ ಒಂದೇ ಡ್ರಮ್ಮಿನ ಮೆಲು, ನಡು, ಬಿರು ಪೆಟ್ಟುಗಳನ್ನು ಬೇರೆಬೇರೆಯಾಗಿಯೇ ನುಡಿಸಿರಬೇಕು; ಒಂದರ ಸದ್ದನ್ನೇ ಏರಿಸಿ ಇಳಿಸಿ ಮೂರು ಮಾಡಿದ್ದರೆ ಕಿವಿಗೆ ಗೊತ್ತಾಗಿಬಿಡುತ್ತದೆ. ಪ್ರತಿಧ್ವನಿ ಬೆರೆಸದಿದ್ದರೆ ಲೇಸು. ಬೇಕಾದವರು ಬೆರೆಸಿಕೊಳ್ಳಬಹುದು, ಬೆರೆತದ್ದನ್ನು ತೆಗೆಯುವುದು ಮಜ್ಜಿಗೆಯಿಂದ ನೀರು ತೆಗೆದಂತೆ. ನಿಮಿಷಕ್ಕೆ ಎಷ್ಟು ಎಣಿಕೆ, ಬಾಸ್ ಆದರೆ ಯಾವ ಶ್ರುತಿ ಎಂಬುದನ್ನು ನಮೂದಿಸಿರಬೇಕು.

ಇನ್ನು ಹಕ್ಕಿನ ಮಾತು. ಹಳೆಯ ಮುದ್ರಿಕೆಯಿಂದ ಕತ್ತರಿಸಿದ್ದಾದರೆ ಸಾಮಾನ್ಯವಾಗಿ ಎರಡು ಅನುಮತಿ ಬೇಕು: ರಚನೆಯದೊಂದು, ಮುದ್ರಿಕೆಯದೊಂದು. ಗಿಲ್ಬರ್ಟ್ ಒಸಲಿವನ್ನರ ಹಾಡಿನ ತುಣುಕನ್ನು ಬಿಜ್ ಮಾರ್ಕಿ ಅನುಮತಿಯಿಲ್ಲದೆ ಬಳಸಿದಾಗ, 1991ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ಸಂಗ್ರಹಕ್ಕೆಂದೇ ಹೊಸದಾಗಿ ನುಡಿಸಿದ್ದು ಕ್ಷೇಮ. ‘ರಾಯಲ್ಟಿ ಇಲ್ಲ’ ಎಂಬ ಮಾತು ಕಂಡು ತುಣುಕು ನಮ್ಮ ಸ್ವತ್ತಾಯಿತೆಂದು ಭಾವಿಸಲಾಗದು. ಬಳಸಿದಾಗಲೆಲ್ಲ ಹಣ ತೆರಬೇಕಿಲ್ಲ ಎಂದಷ್ಟೇ ಅದರ ಅರ್ಥ.

ಸ್ಟಬಲ್‌ಫೀಲ್ಡರ ಆ ಎಂಟು ಆವರ್ತಗಳು ನೂರಾರು ಧ್ವನಿಮುದ್ರಿಕೆಗಳೊಳಗೆ ಸೇರಿಹೋದವು. ಗೀತೆಯ ಕರ್ತೃವೆಂದು ಬ್ರೌನರ ಹೆಸರೊಂದೇ ಇದ್ದುದರಿಂದ ಅವುಗಳ ರಾಯಲ್ಟಿ ಇವರ ಕೈಸೇರಲಿಲ್ಲ. 2017ರಲ್ಲಿ ಅವರು ತೀರಿಕೊಂಡರು. ಇದನ್ನು ಕೇಳಿದ ಹುಡುಗ ತನ್ನ ಸಂಗ್ರಹದ ವಿವರಪತ್ರವನ್ನು ಮತ್ತೆ ಓದಿದ. ಮೈಕುಗಳ ಹೆಸರಿತ್ತು, ಯಂತ್ರಗಳ ಹೆಸರಿತ್ತು, ನುಡಿಸಿದವರ ಹೆಸರಿರಲಿಲ್ಲ. ಹುಡುಕಿದಾಗ ಇನ್ನೊಂದು ಸಣ್ಣ ಸಂಗ್ರಹ ಸಿಕ್ಕಿತು. ಇನ್ನೂರು ತುಣುಕುಗಳೂ ಇಲ್ಲ, ಆದರೆ ಡ್ರಮ್ಮು ಬಾರಿಸಿದವರ, ಬಾಸ್ ಮೀಟಿದವರ ಹೆಸರುಗಳಿದ್ದವು. ಮಾದರಿಯ ತುಣುಕೊಂದನ್ನು ಎರಡು ನಿಮಿಷ ಸುತ್ತಿಸೋಣವೆಂದು ಕುಳಿತೆವು; ನಿಲ್ಲಿಸುವುದೇ ಮರೆತುಹೋಯಿತು.