ಕರೆಂಟು ಬಂದೊಡನೆ ಪುಟ್ಟ ಬೋರ್ಡಿನಲ್ಲಿ ಲಿನಕ್ಸ್ ತಾನಾಗಿಯೇ ಶುರುವಾಗುವುದು ಹೇಗೆ?

ಬೀಗಲ್‌ಬೋನ್ ಬ್ಲ್ಯಾಕ್‌ನಂಥ ಬೋರ್ಡುಗಳಲ್ಲಿ ಈ ಕೆಲಸ ಯು-ಬೂಟ್ ಎಂಬ ಬೂಟ್‌ಲೋಡರಿನದು. ಚಿಪ್ಪಿನ ರೋಮ್‌ನಲ್ಲಿರುವ ಕಾಯಂ ಕೋಡ್ ಮೊದಲು ಎಸ್‌ಪಿಎಲ್ ಎಂಬ ಚಿಕ್ಕ ಪ್ರೋಗ್ರಾಮನ್ನು ಓದುತ್ತದೆ. ಆ ಎಸ್‌ಪಿಎಲ್ ಮುಖ್ಯ ಮೆಮೊರಿಯನ್ನು ಸಜ್ಜುಗೊಳಿಸಿ ಪೂರ್ಣ ಯು-ಬೂಟನ್ನು ತುಂಬುತ್ತದೆ.

ಮುಂದಿನದೆಲ್ಲ ಕೆಲವು ವೇರಿಯಬಲ್‌ಗಳ ಕೈಯಲ್ಲಿದೆ. ‘ಬೂಟ್‌ಡಿಲೇ’ಯಲ್ಲಿ ಹೇಳಿದಷ್ಟು ಸೆಕೆಂಡು ಯಾರೂ ಕೀಲಿ ಒತ್ತದಿದ್ದರೆ ‘ಬೂಟ್‌ಸಿಎಮ್‌ಡಿ’ಯಲ್ಲಿ ಬರೆದಿಟ್ಟ ಆಜ್ಞೆಗಳು ತಾವಾಗಿ ನಡೆಯುತ್ತವೆ. ಬೆಲೆ 0 ಆದರೆ ಕಾಯುವುದಿಲ್ಲ, ಆದರೂ ಕೀಲಿ ಒತ್ತಿ ತಡೆಯಬಹುದು. -2 ಆದರೆ ಅದಕ್ಕೂ ಆಸ್ಪದವಿಲ್ಲ. -1 ಆದರೆ ಸ್ವಯಂಚಾಲನೆಯೇ ರದ್ದು. ಪ್ರಯೋಗದ ಹಂತದಲ್ಲಿ -2 ಇಡುವುದು ಜಾಣತನವಲ್ಲ.

ಆಜ್ಞೆಗಳ ಸರಣಿ ಸರಳ: ಕರ್ನಲ್ ಕಡತವನ್ನು ಒಂದು ಮೆಮೊರಿ ವಿಳಾಸಕ್ಕೆ, ಹಾರ್ಡ್‌ವೇರ್ ವಿವರವಿರುವ ಡಿವೈಸ್ ಟ್ರೀಯನ್ನು ಇನ್ನೊಂದಕ್ಕೆ ತುಂಬಿ, ‘ಬೂಟ್‌ಝಡ್’ ಆಜ್ಞೆಗೆ ಎರಡೂ ವಿಳಾಸಗಳನ್ನು ಕೊಡುವುದು. ರಾಮ್‌ಡಿಸ್ಕ್ ಇಲ್ಲದಿದ್ದರೆ ನಡುವೆ ಒಂದು ಅಡ್ಡಗೆರೆ ಕಡ್ಡಾಯ. ಅದು ಬಿಟ್ಟುಹೋದರೆ ಡಿವೈಸ್ ಟ್ರೀಯನ್ನೇ ರಾಮ್‌ಡಿಸ್ಕ್ ಎಂದು ಬಗೆದು ಯು-ಬೂಟ್ ತಕರಾರು ತೆಗೆಯುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಕರ್ನಲ್‌ಗೆ ಹೋಗುವ ಸೂಚನೆಗಳು ‘ಬೂಟ್‌ಆರ್ಗ್ಸ್’ನಲ್ಲಿರುತ್ತವೆ: ಸೀರಿಯಲ್ ಕನ್ಸೋಲ್ ಯಾವುದು, ಅದರ ವೇಗ (ಸಾಮಾನ್ಯವಾಗಿ 1,15,200), ರೂಟ್ ಕಡತವ್ಯವಸ್ಥೆ ಯಾವ ಪಾರ್ಟಿಷನ್‌ನಲ್ಲಿದೆ ಎಂಬುದು. ಎಸ್‌ಡಿ ಕಾರ್ಡ್ ಎಚ್ಚೆತ್ತುಕೊಳ್ಳಲು ತುಸು ಹೊತ್ತು ಬೇಕಾದ್ದರಿಂದ ‘ರೂಟ್‌ವೇಟ್’ ಸೇರಿಸುವುದು ಒಳ್ಳೆಯದು.

ಕೊನೆಗೆ ‘ಸೇವ್‌ಎನ್ವ್’ ಕೊಡಬೇಕು. ಇಲ್ಲದಿದ್ದರೆ ಬದಲಾವಣೆಗಳೆಲ್ಲ ರೀಸೆಟ್ ಆದೊಡನೆ ಅಳಿಸಿಹೋಗುತ್ತವೆ.