ಗೋಡೆಯೊಳಗಿನ ನಲವತ್ತು ವಾಟ್

ಹಳೇ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಈಗಲೂ ಕಾಣಸಿಗುತ್ತದೆ: ಸುಣ್ಣದ ಗೋಡೆಯ ಮೇಲೆ ತೇಗದ ಸಪೂರ ಪಟ್ಟಿ, ಅದರ ಮೇಲೆ ಒತ್ತೊತ್ತಾಗಿ ಮಲಗಿದ ತಂತಿಗಳು, ಅವನ್ನು ಹಿಡಿದಿಡುವ ಪುಟ್ಟ ಲೋಹದ ಕ್ಲಿಪ್ಪುಗಳು, ಕೊನೆಗೆ ಬೇಕಲೈಟಿನ ಕಪ್ಪು ಸ್ವಿಚ್ಚು. ಇದು ಬ್ಯಾಟನ್ ವೈರಿಂಗ್. ಇದಕ್ಕೂ ಹಿಂದಿನದು ಕೇಸಿಂಗ್-ಕ್ಯಾಪಿಂಗ್. ಗಾಡಿ, ಅಂದರೆ ಉದ್ದನೆಯ ತೋಡು, ಕೊರೆದ ಮರದ ಪಟ್ಟಿಯಲ್ಲಿ ತಂತಿ ಕೂರಿಸಿ ಮೇಲೆ ಮರದ್ದೇ ಮುಚ್ಚಳ ಹೊಡೆಯುತ್ತಿದ್ದರು. ಅಂದಚೆಂದ ಅಷ್ಟಕ್ಕಷ್ಟೇ. ಆದರೆ ಬ್ಯಾಟನ್ ಪಟ್ಟಿಯಲ್ಲಿ ತಂತಿ ಎಲ್ಲಿ ಕರಕಲಾಗಿದೆ, ಎಲ್ಲಿ ಇಲಿ ಕಡಿದಿದೆ ಎಂಬುದು ಸ್ಟೂಲು ಹತ್ತಿದವನ ಕಣ್ಣಿಗೇ ಬೀಳುತ್ತಿತ್ತು.

ಈಗಿನ ಕನ್ಸೀಲ್ಡ್ ವೈರಿಂಗ್‌ನಲ್ಲಿ ಅದೆಲ್ಲ ಮರೆಯಾಗಿದೆ. ತಾರಸಿಗೆ ಕಾಂಕ್ರೀಟ್ ಸುರಿಯುವ ಮೊದಲೇ ಕಂಬಿಗಳ ನಡುವೆ ಪಿವಿಸಿ ಪೈಪು ಹಾಸುತ್ತಾರೆ. ಗೋಡೆಯಲ್ಲಿ ಗಾಡಿ ಕೊರೆದು ಪೈಪು ಹುದುಗಿಸಿ ಗಾರೆ ಮೆತ್ತುತ್ತಾರೆ. ತಂತಿಯ ಸರದಿ ಆಮೇಲೆ. ಪೈಪಿನೊಳಗೆ ಸ್ಪ್ರಿಂಗ್ ತೂರಿಸಿ, ಅದರ ತುದಿಗೆ ತಂತಿ ಕಟ್ಟಿ, ಒಬ್ಬ ಎಳೆಯುತ್ತಾನೆ, ಇನ್ನೊಬ್ಬ ಆ ಕಡೆಯಿಂದ ತಳ್ಳುತ್ತಾನೆ.

ಕಣ್ಣಿಗೆ ಮರೆಯಾದ ಈ ತಂತಿಗೆ ಶಾಖದಿಂದ ಬಿಡುಗಡೆಯಿಲ್ಲ.

ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂದು ಇಂಗ್ಲೆಂಡಿನ ಜೇಮ್ಸ್ ಜೌಲ್ 1840ರ ಸುಮಾರಿಗೇ ಕಂಡುಕೊಂಡಿದ್ದ. ಕರೆಂಟು ಎರಡರಷ್ಟಾದರೆ ಶಾಖ ನಾಲ್ಕರಷ್ಟು. 3000 ವಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. ಅದಕ್ಕೆ 1.5 ಚದರ ಮಿಲಿಮೀಟರ್‌ನ ತಾಮ್ರದ ತಂತಿಯನ್ನು 10 ಮೀಟರ್ ದೂರ ಎಳೆದರೆ, ಹೋಗುವ ಮತ್ತು ಬರುವ ತಂತಿ ಸೇರಿ ಸುಮಾರು 40 ವಾಟ್ ಶಾಖ ಗೋಡೆಯೊಳಗೇ ಹುಟ್ಟುತ್ತದೆ. ಅಂದರೆ ಹಳೇ ಕಾಲದ 40 ವಾಟ್ ಬಲ್ಬೊಂದನ್ನು ಹೊತ್ತಿಸಿ, ಆ ದಾರಿಯುದ್ದಕ್ಕೂ ಹಂಚಿ, ಗಾರೆ ಮೆತ್ತಿದ ಹಾಗೆ. 4 ಚದರ ಮಿಲಿಮೀಟರ್‌ನ ತಂತಿ ಹಾಕಿದರೆ ಅದೇ ಲೆಕ್ಕ 15 ವಾಟ್‌ಗೆ ಇಳಿಯುತ್ತದೆ. ಗೀಸರಿಗೆ ದಪ್ಪ ತಂತಿಯೇ ಬೇಕೆಂದು ಎಲೆಕ್ಟ್ರಿಷಿಯನ್ ಹಟ ಹಿಡಿಯುವುದು ಬಿಲ್ಲು ಬೆಳೆಸಲಿಕ್ಕಲ್ಲ.

ಸಾಮಾನ್ಯ ಪಿವಿಸಿ ಹೊದಿಕೆಯ ಮಿತಿ 70 ಡಿಗ್ರಿ ಸೆಲ್ಸಿಯಸ್. ಅದನ್ನು ಮತ್ತೆ ಮತ್ತೆ ಮೀರಿದರೆ ಹೊದಿಕೆ ಗಡುಸಾಗಿ ಬಿರುಕು ಬಿಡುತ್ತದೆ. ಪೈಪಿನ ತುಂಬ ತಂತಿ ತುರುಕಬಾರದೆಂಬ ನಿಯಮಕ್ಕೂ ಇದೇ ಕಾರಣ. ಅಮೆರಿಕದ ವಿದ್ಯುತ್ ಸಂಹಿತೆ, ಎರಡಕ್ಕಿಂತ ಹೆಚ್ಚು ತಂತಿಗಳಿದ್ದರೆ ಪೈಪಿನ ಒಳಜಾಗದಲ್ಲಿ ಶೇಕಡಾ 40ರಷ್ಟನ್ನು ಮಾತ್ರ ತುಂಬಲು ಬಿಡುತ್ತದೆ. ಖಾಲಿ ಜಾಗವಿದ್ದರೆ ತಂತಿ ಎಳೆಯುವಾಗ ಹೊದಿಕೆ ತರಚುವುದೂ ಕಡಿಮೆ.

ಮೇಜಿನ ಕೆಳಗೂ ಇದೇ ಕಥೆ. ಉಳಿದ ಎಕ್ಸ್‌ಟೆನ್ಷನ್ ವೈರನ್ನು ಸಿಂಬಿ ಸುತ್ತಿ ಮೂಲೆಗೆ ತಳ್ಳುವ ಅಭ್ಯಾಸ ಹಲವರಿಗಿದೆ. ಸುತ್ತಿದ ತಂತಿ ಅಯಸ್ಕಾಂತವಾಗಿ ಬಿಸಿಯೇರುತ್ತದೆಂಬ ನಂಬಿಕೆ ಸರಿಯಲ್ಲ. ಒಂದೇ ವೈರಿನೊಳಗೆ ಫೇಸ್ ಮತ್ತು ನ್ಯೂಟ್ರಲ್ ಎದುರುಬದುರಾಗಿ ಹರಿಯುವುದರಿಂದ ಕಾಂತಕ್ಷೇತ್ರಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸುತ್ತವೆ. ನಿಜವಾದ ಕಾರಣ ಸರಳ: ನಡುವಿನ ಸುತ್ತುಗಳ ಶಾಖಕ್ಕೆ ಹೊರದಾರಿಯಿಲ್ಲ. ಡ್ರಮ್ಮಿಗೆ ಸುತ್ತಿದ ವೈರುಗಳ ಮೇಲೆ ಬಿಚ್ಚಿದಾಗ ಇಷ್ಟು, ಸುತ್ತಿದಾಗ ಇಷ್ಟು ಎಂದು ಎರಡು ಮಿತಿಗಳನ್ನು ಮುದ್ರಿಸುವುದು ಅದಕ್ಕೇ.

ತಂತಿಗಳನ್ನು ಕಟ್ಟಿಡುವ ಪ್ಲಾಸ್ಟಿಕ್ ಟ್ಯಾಗ್, ಅಂದರೆ ಕೇಬಲ್ ಟೈ, ಬಂದದ್ದು ವಿಮಾನದ ಕಾರ್ಖಾನೆಯಿಂದ. 1956ರಲ್ಲಿ ಬೋಯಿಂಗ್ ಕಾರ್ಖಾನೆಗೆ ಭೇಟಿಕೊಟ್ಟ ಮಾರಸ್ ಲೋಗನ್ ಎಂಬಾತ, ಕೆಲಸಗಾರರು ಮೇಣದ ದಾರದಿಂದ ತಂತಿಗಳನ್ನು ಗಂಟುಹಾಕುತ್ತಾ ಬೆರಳು ಸವೆಸಿಕೊಳ್ಳುವುದನ್ನು ಕಂಡ. ಎರಡು ವರ್ಷದಲ್ಲಿ ಅವನ ಉಪಾಯ ಪೇಟೆಂಟಿನ ಹಾದಿ ಹಿಡಿಯಿತು. ಹಲ್ಲುಗಳಿರುವ ಪಟ್ಟಿ, ಅದು ಹಿಂದೆ ಸರಿಯದಂತೆ ತಡೆಯುವ ಒಂದು ನಾಲಿಗೆ, ಅಷ್ಟೇ. ಆದರೆ ಅದನ್ನು ಜೀವ ಹೋಗುವಂತೆ ಬಿಗಿದರೆ ಹೊದಿಕೆ ನಜ್ಜುಗುಜ್ಜಾಗುತ್ತದೆ. ಮತ್ತೆ ಮತ್ತೆ ಬದಲಿಸುವ ವೈರುಗಳಿಗೆ ವೆಲ್ಕ್ರೋ ಪಟ್ಟಿಯೇ ವಾಸಿ.

ಕಚೇರಿಯಲ್ಲಿ ಇನ್ನೊಂದು ತಕರಾರು: ಕರೆಂಟಿನ ವೈರು ಪಕ್ಕದ ಡೇಟಾ ಕೇಬಲ್ಲಿನ ಸಂಕೇತ ಕೆಡಿಸಬಹುದು. ಎರಡು ಎಳೆಗಳನ್ನು ಹೆಣೆದರೆ ಇಂಥ ಗದ್ದಲ ತಗ್ಗುತ್ತದೆಂದು ತೋರಿಸಿ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದಿದ್ದ. ಇಂದಿನ ನೆಟ್‌ವರ್ಕ್ ಕೇಬಲ್ಲನ್ನು ಸೀಳಿದರೆ ಆ ಜಡೆಯೇ ಕಾಣುತ್ತದೆ. ಆದರೂ ಕರೆಂಟಿನ ವೈರನ್ನೂ ಡೇಟಾ ಕೇಬಲ್ಲನ್ನೂ ಬೇರೆ ಬೇರೆ ಪೈಪಿನಲ್ಲಿ ಒಯ್ಯುವುದು, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸುವುದು ಒಳ್ಳೆಯ ಪದ್ಧತಿ.

ಮನೆ ಕಟ್ಟಿಸುತ್ತಿರುವವರು ಗಾರೆ ಹಾಕುವ ಮುಂಚಿನ ದಿನ ಒಂದು ಗಂಟೆ ಬಿಡುವು ಮಾಡಿಕೊಳ್ಳಬೇಕು. ಪ್ರತಿ ಗೋಡೆಗೂ ಅಳತೆಪಟ್ಟಿ ಹಿಡಿದು ಪೈಪುಗಳ ಫೋಟೋ ತೆಗೆದು, ಒಂದು ಪ್ರತಿಯನ್ನು ಎಂಸಿಬಿ ಪೆಟ್ಟಿಗೆಯ ಬಳಿ ಇಟ್ಟರೆ, ಮುಂದೊಂದು ದಿನ ಟಿವಿ ತೂಗುಹಾಕಲು ಡ್ರಿಲ್ ಹಿಡಿದು ಬರುವವನು ತೂತು ಎಲ್ಲಿ ಕೊರೆಯಬಾರದೆಂದು ನೋಡಿಕೊಳ್ಳಬಹುದು.