ಗೆರೆ ಉಳಿಸದ ಹೊಳಪು: ಬಳ್ಳಾರಿ ರಸ್ತೆಯ ಒಂದು ಕೈಕೆಲಸ

ಹೆಬ್ಬಾಳದಿಂದ ಬಳ್ಳಾರಿ ರಸ್ತೆ ಹಿಡಿದು ವಿಮಾನ ನಿಲ್ದಾಣದ ಕಡೆ ಹೊರಟರೆ, ಯಲಹಂಕ ವಾಯುನೆಲೆಯ ಉದ್ದನೆಯ ಕಾಂಪೌಂಡು ಮುಗಿಯುತ್ತಿದ್ದಂತೆ ಹುಣಸಮಾರನಹಳ್ಳಿ ಸಿಗುತ್ತದೆ. ಬಹಳ ಕಾಲ ಈ ಊರಿನ ಗುರುತು ಎಂದರೆ ವಾಯುನೆಲೆ ಮತ್ತು 1986ರಲ್ಲಿ ಶುರುವಾದ ಸರ್ ಎಂ. ವಿಶ್ವೇಶ್ವರಯ್ಯ ತಾಂತ್ರಿಕ ವಿದ್ಯಾಲಯ. 2008ರ ಮೇ 24ರಂದು ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣ ತೆರೆದ ಮೇಲೆ ರಸ್ತೆಯ ಚಹರೆಯೇ ಬದಲಾಯಿತು. ಹಗಲು ರಾತ್ರಿ ಎನ್ನದೆ ಟ್ಯಾಕ್ಸಿಗಳು ಓಡತೊಡಗಿದವು. ಅವುಗಳ ಹಿಂದೆಯೇ ಪಂಕ್ಚರ್ ಅಂಗಡಿ, ಟಿಂಕರಿಂಗ್ ಶೆಡ್ಡು, ವಾಟರ್ ವಾಶ್, ಪಾಲಿಶ್ ಅಂಗಡಿಗಳು ಬಂದವು.

ಈ ಪಾಲಿಶ್ ಅಂಗಡಿಗಳ ಕೆಲಸವನ್ನು ನಾವು ಹೆಚ್ಚಾಗಿ ಗಮನಿಸುವುದಿಲ್ಲ. ಗಾಡಿ ಕೊಟ್ಟು, ಟೀ ಕುಡಿದು ಬಂದು, ಮಿರುಗುವ ಬಾನೆಟ್ ನೋಡಿ ದುಡ್ಡು ಕೊಟ್ಟು ಹೊರಡುತ್ತೇವೆ. ಆದರೆ ಬಣ್ಣದ ಮೇಲೆ ಮೇಣ ಹಚ್ಚಿ, ಬಿಸಿಲಿಗೆ ಹಿಡಿದರೂ ಒಂದು ಗೆರೆ ಕಾಣದಂತೆ ಒರೆಸಿ ತೆಗೆಯುವುದು ವರ್ಷಗಟ್ಟಲೆ ಕೈ ಪಳಗಿದ ಮೇಲೆ ಬರುವ ವಿದ್ಯೆ. ಗಾಡಿಯನ್ನೇ ನಂಬಿ ಬದುಕುವ ಚಾಲಕನಿಗೆ ಈ ವಿದ್ಯೆ ಬೇಕು. ಗಿರಾಕಿ ಮೊದಲು ನೋಡುವುದು ಗಾಡಿಯ ಮೈಯನ್ನು, ಮುಂದೊಂದು ದಿನ ಮಾರಲು ಹೊರಟಾಗ ಕೊಳ್ಳುವವನು ಸವರಿ ನೋಡುವುದೂ ಅದನ್ನೇ.

ಕೂದಲಿಗಿಂತ ತೆಳುವಾದ ಕಾವಲು

ಇಂದಿನ ಕಾರುಗಳ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ. ಈ ಕೊನೆಯದನ್ನು ಕ್ಲಿಯರ್ ಕೋಟ್ ಎನ್ನುತ್ತಾರೆ. ಎಲ್ಲ ಪದರ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ನಮಗೆ ಕಾಣುವ ಹೊಳಪೆಲ್ಲ ಈ ತೆಳು ಪದರದ್ದು. ಅದರ ಮೈ ನುಣುಪಾಗಿದ್ದರೆ ಬೆಳಕು ಒಂದೇ ದಿಕ್ಕಿಗೆ ಹಿಂತಿರುಗಿ ಎದುರಿನ ಮರ, ಕಟ್ಟಡ ಎಲ್ಲ ಅದರಲ್ಲಿ ಮೂಡುತ್ತವೆ. ಸಣ್ಣ ಗೀರು, ದೂಳು, ಉಪ್ಪಿನ ಕಲೆ ಕೂತರೆ ಬೆಳಕು ಚೆದುರಿ ಬಣ್ಣ ಮಂಕಾಗುತ್ತದೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಹೀಗಿರಲಿಲ್ಲ. ಆಗ ಹೊಳಪೂ ಬಣ್ಣವೂ ಒಂದೇ ಪದರದಲ್ಲಿರುತ್ತಿದ್ದವು. ಬಿಸಿಲಿಗೆ ಮೇಲ್ಮೈ ಸುಣ್ಣದ ಹುಡಿಯಂತಾದಾಗ ಪಾಲಿಶ್ ಹಾಕಿ ಉಜ್ಜಿದರೆ ಕೈಯಲ್ಲಿದ್ದ ಬಟ್ಟೆಗೂ ಗಾಡಿಯ ಬಣ್ಣವೇ ಹತ್ತುತ್ತಿತ್ತು. ಹಳೆಯ ಕೆಲಸಗಾರರು ‘ರಬ್ಬಿಂಗ್’ ಎನ್ನುತ್ತಿದ್ದ ಆ ಉಜ್ಜಾಟವನ್ನು ಇಂದಿನ ಕ್ಲಿಯರ್ ಕೋಟಿನ ಮೇಲೆ ಪದೇ ಪದೇ ಮಾಡುವಂತಿಲ್ಲ. ಪಾಲಿಶ್ ಎಂದರೆ ಸಣ್ಣಗೆ ಉಜ್ಜಿ ಮೇಲ್ಮೈಯನ್ನು ಸವೆಸುವುದು. ವ್ಯಾಕ್ಸ್ ಎಂದರೆ ಆ ಮೇಲ್ಮೈಗೆ ಮೇಣದ ಕಾವಲು ಕೊಡುವುದು. ಪಾಲಿಶ್ ಅಪರೂಪಕ್ಕೆ ಸಾಕು, ವ್ಯಾಕ್ಸ್ ಮಾತ್ರ ಕೆಲವು ವಾರಗಳಿಗೊಮ್ಮೆ ಬೇಕು. ಈ ಎರಡರ ವ್ಯತ್ಯಾಸ ತಿಳಿಸಿ ಹೇಳುವ ಅಂಗಡಿಯವನನ್ನು ನಂಬಬಹುದು.

ಬ್ರೆಜಿಲ್‌ನ ಗರಿ, ಚನ್ನಪಟ್ಟಣದ ಗರಿ

ವ್ಯಾಕ್ಸ್ ಡಬ್ಬಿಗಳ ಮೇಲೆ ಕಾಣುವ ಕಾರ್ನಾಬಾ ಎಂಬುದು ಈಶಾನ್ಯ ಬ್ರೆಜಿಲ್‌ನಲ್ಲಿ ಬೆಳೆಯುವ ಒಂದು ತಾಳೆಮರ. ಒಣ ಬಿಸಿಲಿನಲ್ಲಿ ನೀರು ಆರಿಹೋಗದಂತೆ ಅದು ತನ್ನ ಗರಿಗಳ ಮೇಲೆ ಮೇಣ ಕಟ್ಟಿಕೊಳ್ಳುತ್ತದೆ. ಗರಿ ಕೊಯ್ದು ಒಣಗಿಸಿ ಬಡಿದರೆ ಮೇಣ ಉದುರುತ್ತದೆ. ನಮ್ಮ ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಕಾರ್ನಾಬಾ ಕರಗಲು 82ರಿಂದ 86 ಡಿಗ್ರಿ ಬೇಕು. ನೈಸರ್ಗಿಕ ಮೇಣಗಳಲ್ಲಿ ಇದರಷ್ಟು ಗಡುಸಾದದ್ದು ವಿರಳ. ಆ ಗಡಸುತನದಲ್ಲಿ ಅದನ್ನು ಹಚ್ಚಲು ಬಾರದು. ಅದಕ್ಕೇ ಆವಿಯಾಗಿ ಹೋಗುವ ದ್ರಾವಕ, ಎಣ್ಣೆ, ಮೆದು ಮೇಣಗಳನ್ನು ಬೆರೆಸಿ ಡಬ್ಬಿಗೆ ತುಂಬುತ್ತಾರೆ. ಹಚ್ಚಿದ ಮೇಲೆ ದ್ರಾವಕ ಆರಿ, ಮೇಣ ಉಳಿಯುತ್ತದೆ.

ಮೇಣ, ಅರಗುಗಳಿಂದ ಹೊಳಪು ತರುವುದು ಕರ್ನಾಟಕಕ್ಕೆ ಹೊಸದಲ್ಲ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ಕೇದಗೆ ಜಾತಿಯ ಗರಿಯನ್ನು ಒತ್ತಿ ಹಿಡಿದಾಗ ಬೊಂಬೆಗೆ ಕಣ್ಣು ಕೋರೈಸುವ ಮಿರುಗು ಬರುತ್ತದೆ. ಅರಗನ್ನೇ ನಂಬಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಒಂದು ಕಾರ್ಖಾನೆಯೂ ಹುಟ್ಟಿತು. ಮತದಾರರ ಬೆರಳಿಗೆ ಹಚ್ಚುವ ಶಾಯಿಯಿಂದ ಇಂದು ದೇಶಕ್ಕೆಲ್ಲ ಗೊತ್ತಿರುವ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಅದೇ. ಚನ್ನಪಟ್ಟಣದ ಚರಕಿಯ ಮುಂದೆ ಕೂತವರಿಗೂ ಹುಣಸಮಾರನಹಳ್ಳಿಯ ಶೆಡ್ಡಿನಲ್ಲಿ ಬಾನೆಟ್ ಮೇಲೆ ಬಾಗಿದವರಿಗೂ ಗೊತ್ತಿರುವ ಸತ್ಯ ಒಂದೇ: ಹೊಳಪು ತೆರೆದುಕೊಳ್ಳುವುದು ಕೊನೆಯ ಒರೆತದಲ್ಲಿ.

ಗೆರೆ ಎಲ್ಲಿಂದ ಬರುತ್ತದೆ?

ವ್ಯಾಕ್ಸ್ ಹಾಕಿಸಿದ ಗಾಡಿಯನ್ನು ಬಿಸಿಲಿಗೆ ತಂದಾಗ ಕೆಲವೊಮ್ಮೆ ಮೈಮೇಲೆಲ್ಲ ಮಸುಕು ಪಟ್ಟೆ, ಜಿಡ್ಡಿನ ಸುತ್ತುಗಳು ಕಾಣುತ್ತವೆ. ಕಪ್ಪು, ಕಡುನೀಲಿ ಗಾಡಿಗಳಲ್ಲಂತೂ ಮರೆಮಾಚಲು ಸಾಧ್ಯವೇ ಇಲ್ಲ. ಇದಕ್ಕೆ ಕಾರಣಗಳು ನಾಲ್ಕೈದೇ.

ಮೊದಲನೆಯದು ಬಿಸಿ. ಬಿಸಿಲಲ್ಲಿ ನಿಂತ ಗಾಡಿಯ ಬಾನೆಟ್ ಮುಟ್ಟಿದರೆ ಕೈ ಚುರುಗುಟ್ಟುತ್ತದೆ. ಅದರ ಮೇಲೆ ಮೇಣ ಹಚ್ಚಿದರೆ ದ್ರಾವಕ ಗಳಿಗೆಯಲ್ಲಿ ಆರಿ, ಮೇಣ ಅಲ್ಲಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ಒರೆಸಿದರೂ ಪಟ್ಟೆ ಬಿಡುವುದಿಲ್ಲ. “ಸಾರ್, ಗಾಡಿ ಸ್ವಲ್ಪ ತಣ್ಣಗಾಗ್ಲಿ” ಎಂದು ಕೆಲಸಗಾರ ಹೇಳಿದರೆ ಅದು ಸೋಮಾರಿತನವಲ್ಲ, ಕಸುಬಿನ ತಿಳಿವಳಿಕೆ.

ಎರಡನೆಯದು ಅತಿಯಾಗಿ ಹಚ್ಚುವುದು. ಹೆಚ್ಚು ಮೇಣ ಎಂದರೆ ಹೆಚ್ಚು ಹೊಳಪು ಎಂಬುದು ತಪ್ಪು ನಂಬಿಕೆ. ದೋಸೆ ಹೆಂಚಿಗೆ ಈರುಳ್ಳಿ ಹೋಳಿನಿಂದ ಎಣ್ಣೆ ಸವರುವಷ್ಟೇ ತೆಳುವಾಗಿ ಹಚ್ಚಬೇಕು. ಮಿಕ್ಕಿದ್ದೆಲ್ಲ ಒರೆಸುವವನ ಕೈಗೆ ದಂಡ.

ಮೂರನೆಯದು ತೊಳೆಯುವಲ್ಲಿ ಆಗುವ ಲೋಪ. ಬಟ್ಟೆ ಒಗೆಯುವ ಸೋಪಿನ ಪುಡಿ ಹಾಕಿ ತೊಳೆದು ಸರಿಯಾಗಿ ಜಾಲಾಡಿಸದಿದ್ದರೆ ಸೋಪಿನ ಅಂಶ ಮೇಣದ ಕೆಳಗೇ ಉಳಿಯುತ್ತದೆ. ನಾಲ್ಕನೆಯದು ನೀರು. ಬೆಂಗಳೂರಿನ ಉತ್ತರ ಭಾಗದಲ್ಲಿ ಸಾವಿರ ಅಡಿ ದಾಟಿ ಕೊರೆದ ಬೋರ್‌ವೆಲ್‌ಗಳು ಸಾಮಾನ್ಯ. ಆ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ. ಹನಿ ಬಣ್ಣದ ಮೇಲೇ ಆರಿದರೆ ನೀರು ಹೋಗಿ ಬಿಳಿ ಉಂಗುರ ಉಳಿಯುತ್ತದೆ. ತೊಳೆದ ಕೂಡಲೇ ಒಣ ಬಟ್ಟೆಯಿಂದ ನೀರು ಹೀರಿಸುವುದೇ ಇದಕ್ಕೆ ಮದ್ದು. ಐದನೆಯದು ಕೊಳೆ ಬಟ್ಟೆ. ಮೇಣ ತುಂಬಿದ ಬಟ್ಟೆ ಮೇಣವನ್ನು ತೆಗೆಯಲಾರದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಳಿಯುತ್ತದೆ ಅಷ್ಟೇ.

ಬಾನೆಟ್ ಮೇಲೆ ಒಂದು ಕೈ

ನುರಿತ ಕೆಲಸಗಾರ ಮೊದಲು ಬಾನೆಟ್ ಮೇಲೆ ಅಂಗೈ ಆಡಿಸುತ್ತಾನೆ. ತೊಳೆದ ಮೇಲೂ ಮೈ ತರಿತರಿಯಾಗಿದ್ದರೆ ಅಲ್ಲಿ ಸಿಮೆಂಟು, ಬ್ರೇಕಿನ ಕಬ್ಬಿಣದ ಕಣ ಕಚ್ಚಿಕೊಂಡಿವೆ ಎಂದರ್ಥ. ಮೆಟ್ರೊ ಕಾಮಗಾರಿಯ ದೂಳು, ಬೆಟ್ಟಹಲಸೂರು ಕಡೆಯಿಂದ ಬರುವ ಕಲ್ಲು, ಜಲ್ಲಿ ಲಾರಿಗಳ ಹುಡಿ ಬೀಳುವ ಈ ರಸ್ತೆಯಲ್ಲಿ ಇದು ಮಾಮೂಲು. ಜೇಡಿಮಣ್ಣಿನಂಥ ಮೆತ್ತನೆಯ ಉಂಡೆಯನ್ನು, ಜಾರಲು ಬೇಕಾದಷ್ಟು ಶಾಂಪೂ ನೀರು ಚಿಮುಕಿಸಿ, ಒತ್ತಡ ಹಾಕದೆ ಎಳೆದರೆ ಆ ಕಣಗಳು ಬಿಡುತ್ತವೆ.

ಆಮೇಲೆ ಕಪ್ಪು ಪ್ಲಾಸ್ಟಿಕ್ ಅಂಚುಗಳಿಗೆ ಟೇಪ್ ಅಂಟಿಸುತ್ತಾನೆ. ಅಲ್ಲಿ ಮೇಣ ಹತ್ತಿದರೆ ಒಣಗಿ ಬೆಳ್ಳಗೆ ಕೂತುಬಿಡುತ್ತದೆ. ಸ್ಪಂಜಿನ ಬಿಲ್ಲೆಗೆ ಚೂರೇ ಮೇಣ ತಾಗಿಸಿ ಅರ್ಧ ಬಾನೆಟ್‌ಗೆ ಮಾತ್ರ ಹಚ್ಚುತ್ತಾನೆ. ಇಡೀ ಗಾಡಿಗೆ ಒಮ್ಮೆಲೇ ಹಚ್ಚುವುದಿಲ್ಲ. ಒಂದೊಂದು ಭಾಗ ಹಚ್ಚಿ, ಒರೆಸಿ, ಮುಂದಕ್ಕೆ ಹೋಗುವುದು ಕ್ರಮ. ಸ್ವಲ್ಪ ಹೊತ್ತಿಗೆ ಹೊಳಪು ಅಡಗಿ ತೆಳುವಾದ ಮಂಜು ಕವಿದಂತಾಗುತ್ತದೆ. ಆಗ ತೋರುಬೆರಳಿನಿಂದ ಒಮ್ಮೆ ಗೀಚಿ ನೋಡುತ್ತಾನೆ. ಬೆರಳು ಹೋದ ದಾರಿ ಸ್ವಚ್ಛವಾಗಿ ಮಿಂಚಿದರೆ ಒರೆಸುವ ಹೊತ್ತು ಬಂತು. ಜಿಡ್ಡು ಜಿಡ್ಡಾಗಿ ಬಳಿದುಕೊಂಡರೆ ಇನ್ನೂ ಕಾಯಬೇಕು.

ಒರೆಸಲು ನಾಲ್ಕು ಮಡಿಕೆ ಮಾಡಿದ ಮೈಕ್ರೋಫೈಬರ್ ಬಟ್ಟೆ. ಒಂದು ಮೈ ಮೇಣ ಕುಡಿದ ಕೂಡಲೇ ಮಡಿಕೆ ತಿರುವುತ್ತಾನೆ. ಮೊದಲ ಬಟ್ಟೆ ಮೇಣ ತೆಗೆಯಲು, ಎರಡನೆಯ ಒಣ ಬಟ್ಟೆ ಮಿರುಗು ಬರಿಸಲು. ಕೈಭಾರ ಹಗುರವಾಗಿರುತ್ತದೆ. ಕೊನೆಗೆ ಮೊಬೈಲ್ ಟಾರ್ಚ್ ಹಚ್ಚಿ, ಬಗ್ಗಿ, ಓರೆಯಾಗಿ ನೋಡುತ್ತಾನೆ. ನೇರ ನೋಡಿದಾಗ ಕಾಣದ ಗೆರೆ ಓರೆ ಬೆಳಕಿಗೆ ಸಿಕ್ಕಿಬೀಳುತ್ತದೆ. ಒಂದಿಷ್ಟು ಹೊತ್ತು ಬಿಟ್ಟು ಮತ್ತೊಮ್ಮೆ ಒಣ ಬಟ್ಟೆ ಆಡಿಸಿದರೆ ತಡವಾಗಿ ಹೊರಬರುವ ಜಿಡ್ಡೂ ಹೋಗುತ್ತದೆ.

ನೆಲಕ್ಕೆ ಬಿದ್ದ ಬಟ್ಟೆಯನ್ನು ಒಳ್ಳೆಯ ಕೆಲಸಗಾರ ಮತ್ತೆ ಬಣ್ಣಕ್ಕೆ ಮುಟ್ಟಿಸುವುದಿಲ್ಲ. ಅದಕ್ಕೆ ಹತ್ತಿದ ಒಂದೇ ಮರಳಿನ ಕಣ ಇಡೀ ಬಾಗಿಲಿನ ಉದ್ದಕ್ಕೂ ಗೀರೆಳೆಯಬಲ್ಲದು. ಗಾರ್ಮೆಂಟ್ಸ್‌ನಿಂದ ಬರುವ ಬನಿಯನ್ ವೇಸ್ಟ್, ಸಿಗ್ನಲ್‌ನಲ್ಲಿ ಮಾರುವ ಹಳದಿ ಬಟ್ಟೆ ಎಂಜಿನ್ನಿಗೆ, ಚಕ್ರಕ್ಕೆ ಸರಿ, ಬಣ್ಣಕ್ಕೆ ಬೇಡ. ಹೊಸದಾಗಿ ಪೇಂಟ್ ಮಾಡಿಸಿದ ಭಾಗಕ್ಕೆ ಕನಿಷ್ಠ ಒಂದು ತಿಂಗಳಾದರೂ ವ್ಯಾಕ್ಸ್ ಹಾಕಬಾರದು, ಒಳಗಿನ ದ್ರಾವಕ ಪೂರ್ತಿ ಆರಬೇಕು. ಮ್ಯಾಟ್ ಬಣ್ಣದ ಗಾಡಿಗೆ ಹೊಳಪಿನ ವ್ಯಾಕ್ಸ್ ಹಾಕಲೇಬಾರದು.

ಆಯುಧಪೂಜೆಯ ಮುನ್ನ, ಆಯುಧಪೂಜೆಯ ನಂತರ

ಈ ಕಸುಬಿಗೆ ಸುಗ್ಗಿ ಎಂದರೆ ಆಯುಧಪೂಜೆ. ಹಬ್ಬದ ಹಿಂದಿನ ದಿನಗಳಲ್ಲಿ ವಾಟರ್ ವಾಶ್‌ಗಳ ಮುಂದೆ ಗಾಡಿಗಳ ಸಾಲು. ಆಟೊ, ಟ್ಯಾಕ್ಸಿ, ಲಾರಿ, ಶಾಲೆಯ ಬಸ್ಸು ಎಲ್ಲಕ್ಕೂ ಸ್ನಾನ, ಹೊಳಪು. ಹೊಟ್ಟೆ ತುಂಬಿಸುವ ಗಾಡಿಗೆ ಕೈಮುಗಿಯುವ ಆ ದಿನ ನಮ್ಮ ನೆಲದ ದೊಡ್ಡ ಸಂಸ್ಕಾರ. ಆದರೆ ಹಬ್ಬ ಮುಗಿದ ಮೇಲೆ ಬಾನೆಟ್ಟಿನ ಮೇಲೆ ಒಣಗಿದ ಕುಂಕುಮ, ಅರಿಶಿನ, ನಿಂಬೆರಸ, ಬಂಪರಿಗೆ ಕಟ್ಟಿದ ಬಾಳೆಕಂದಿನ ಸೊನೆ ಕಲೆಯಾಗಿ ಕೂರುತ್ತವೆ. ಪೂಜೆಗೆ ಎರಡು ದಿನ ಮುಂಚೆ ವ್ಯಾಕ್ಸ್ ಹಾಕಿಸಿದ್ದರೆ, ಪೂಜೆಯ ಮರುದಿನವೇ ನೀರು ಹಾಕಿ ಮೆಲ್ಲಗೆ ತೊಳೆದರೆ ಬಹುಪಾಲು ಕಲೆ ಮೇಣದ ಮೇಲೇ ನಿಂತು ಹೋಗುತ್ತದೆ. ಮರದ ಕೆಳಗೆ ನಿಂತ ಗಾಡಿಯ ಮೇಲೆ ಬೀಳುವ ಹಕ್ಕಿ ಹಿಕ್ಕೆಗೂ ಇದೇ ಮಾತು. ಅದನ್ನು ಉಜ್ಜಬಾರದು, ನೆನೆಸಿ ಎತ್ತಬೇಕು.

ನೀರಿನ ಲೆಕ್ಕ, ಮಾತಿನ ಲೆಕ್ಕ

2024ರ ಬೇಸಿಗೆಯನ್ನು ಬೆಂಗಳೂರು ಮರೆಯುವಂತಿಲ್ಲ. ಆ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ವ್ಯಾಕ್ಸ್ ಇಲ್ಲಿ ನೀರು ಉಳಿಸುವ ದಾರಿಯೂ ಹೌದು. ಮೇಣವಿರುವ ಮೈಮೇಲೆ ನೀರು ಹರಡದೆ ಹನಿಗಟ್ಟಿ ಜಾರುತ್ತದೆ, ದೂಳು ಸುಲಭವಾಗಿ ಬಿಡುತ್ತದೆ. ಪೈಪು ಹಿಡಿದು ನೂರಾರು ಲೀಟರ್ ಹರಿಸುವ ಬದಲು ಎರಡು ಬಕೆಟ್ ಸಾಕು, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿ ನೀರು.

ಈಗ ಅಂಗಡಿಗಳಲ್ಲಿ ಸೆರಾಮಿಕ್ ಕೋಟಿಂಗ್ ಮಾತು ಜೋರು. ಸಿಲಿಕಾ ಆಧಾರಿತ ಆ ಲೇಪ ಬಣ್ಣಕ್ಕೆ ಗಟ್ಟಿಯಾಗಿ ಅಂಟಿಕೊಂಡು ವರ್ಷಗಟ್ಟಲೆ ಬರುತ್ತದೆ, ಖರ್ಚು ಸಾವಿರಗಳಲ್ಲಿ. ಅದರ ಜೊತೆ ಹೇಳುವ ‘9ಎಚ್ ಗಡಸುತನ’ ಪೆನ್ಸಿಲ್ ಮೊನೆಯಿಂದ ಗೀಚಿ ಅಳೆಯುವ ಅಳತೆ. ಕೀಲಿಕೈಯ ಗೀರಿಗೆ, ಕಲ್ಲೇಟಿಗೆ ಅದು ತಡೆಯಲ್ಲ. ಕಾರ್ನಾಬಾ ಮೇಣ ಒಂದೆರಡು ತಿಂಗಳಿಗೆ ಸವೆಯುತ್ತದೆ, ನಿಜ. ಆದರೆ ದಿನವೂ ದುಡಿಯುವ ಗಾಡಿಯವನ ಜೇಬಿಗೆ ಎಟುಕುವ, ಮನೆಯಂಗಳದಲ್ಲೂ ಹಚ್ಚಬಹುದಾದ ಕಾವಲು ಅದೇ.

ಮುಂದಿನ ಸಲ ಗಾಡಿ ಬಿಡುವಾಗ ಮೂರು ಮಾತು ಕೇಳಿ: ನೆರಳಿದೆಯೇ, ಬಟ್ಟೆ ಶುದ್ಧವೇ, ಎಷ್ಟು ಹೊತ್ತು ಬೇಕು? ಅವರು ಕೇಳಿದಷ್ಟು ಹೊತ್ತು ಕೊಡಿ, ಅವಸರಪಡಿಸಬೇಡಿ. ದಿನವಿಡೀ ನೀರಿನಲ್ಲಿ, ದ್ರಾವಕದ ವಾಸನೆಯಲ್ಲಿ ದುಡಿಯುವ ಆ ಕೈಗಳಿಗೆ ಗ್ಲೌಸ್ ಕೊಡಿಸುವುದು ಮಾಲೀಕರ ಹೊಣೆ. ಕೆಲಸ ಚೆನ್ನಾಗಿದ್ದರೆ ಚೌಕಾಸಿ ಮಾಡದೆ ಕೂಲಿ ಕೊಡುವುದು ನಮ್ಮ ಹೊಣೆ.